ಮಾವಿನಕಾಯಿ ಅಂಚಿನ ಪಯಣ



ಹಬ್ಬಕ್ಕೆ ಉಡಲೆಂದು ಬೀರುವಿನಿಂದ ರೇಷ್ಮೆ ಸೀರೆ ತೆಗೆದಾಗ ಅಂಚಿನ ಮೇಲೊಮ್ಮೆ ಬೆರಳಾಡಿಸಿ ನೋಡಿ. ಬುಡ ದುಂಡಗೆ, ತುದಿ ಕೊಂಚ ಪಕ್ಕಕ್ಕೆ ಬಾಗಿದ ಸಾಲು ಸಾಲು ಬುಟ್ಟಾಗಳು. ನಮ್ಮ ಕಣ್ಣಿಗೆ ಅದು ಮಾವಿನಕಾಯಿ. ಇರಾನಿನವರು ಅಂಥದ್ದನ್ನೇ ‘ಬೋತೆ’ ಅನ್ನುತ್ತಾರೆ; ಅಂದರೆ ಪೊದೆ. ಗಾಳಿಗೆ ತಲೆಬಾಗಿದ ಸೈಪ್ರೆಸ್ ಮರ ಎನ್ನುವವರೂ ಉಂಟು. ಇಂಗ್ಲಿಷಿನವರಿಗೆ ಅದು ‘ಪೇಸ್ಲಿ’. ಆ ಹೆಸರು ಸ್ಕಾಟ್ಲೆಂಡಿನ ಒಂದು ನೇಕಾರರ ಊರಿನದು.

ಈ ಬುಟ್ಟಾ ಅಷ್ಟು ದೂರ ಹೋದದ್ದು ಕಾಶ್ಮೀರದ ಶಾಲಿನ ಬೆನ್ನೇರಿ. ಮೊಗಲರ ಕಾಲದ ಶಾಲುಗಳಲ್ಲಿ ಅದು ನೆಟ್ಟಗೆ ನಿಂತ ಹೂಗಿಡ. ಬರಬರುತ್ತಾ ಎಲೆ, ಹೂ ಒತ್ತಾಗಿ, ತುದಿ ಬಾಗಿ, 18ನೇ ಶತಮಾನದಲ್ಲಿ ಈಗಿನ ಆಕಾರಕ್ಕೆ ಬಂತು. ನಕ್ಕಾಶ್, ಅಂದರೆ ಚಿತ್ತಾರಗಾರ, ಬರೆದ ಚಿತ್ರವನ್ನು ‘ತಾಲೀಮ್’ ಎಂಬ ಸಂಕೇತಲಿಪಿಗೆ ಇಳಿಸುತ್ತಿದ್ದರು. ಇಂಥ ಬಣ್ಣ, ಇಷ್ಟು ಎಳೆ ಎಂಬ ಆ ಲೆಕ್ಕದಂತೆ, ನೂಲು ಸುತ್ತಿದ ಪುಟ್ಟ ಮರದ ಕಡ್ಡಿಗಳನ್ನು ನೇಕಾರರು ಒಂದೊಂದಾಗಿ ಹಾಸಿನೊಳಗೆ ತೂರಿಸಬೇಕು. ಒಳ್ಳೆಯ ಶಾಲೊಂದಕ್ಕೆ ವರ್ಷವೇ ಹಿಡಿಯುತ್ತಿತ್ತು.

ನೆಪೋಲಿಯನ್ನನ ಈಜಿಪ್ಟ್ ದಂಡಯಾತ್ರೆಯಿಂದ ಮರಳಿದವರು ಈ ಶಾಲುಗಳನ್ನು ಫ್ರಾನ್ಸಿಗೆ ತಂದರು. ಅವನ ಹೆಂಡತಿ, ಸಾಮ್ರಾಜ್ಞಿ ಜೋಸೆಫೀನಳ ಹೆಗಲೇರಿದ ಮೇಲೆ ಕೇಳಬೇಕೆ! 1805ರ ಸುಮಾರಿಗೆ ಪೇಸ್ಲಿಯ ನೇಕಾರರು ಅವುಗಳ ನಕಲು ನೇಯತೊಡಗಿದರು. ಮುಂದೆ ಚಿತ್ತಾರ ನೇಯಲೆಂದೇ ಜಕಾರ್ಡ್ ಮಗ್ಗ ಬಂತು, ಕೆಲಸ ಚುರುಕಾಯಿತು, ಬೆಲೆ ಇಳಿಯಿತು. ಇತ್ತ ಶ್ರೀನಗರದಲ್ಲಿ ತೆರಿಗೆಯ ಭಾರ ತಾಳಲಾರದೆ 1865ರಲ್ಲಿ ಶಾಲಿನ ನೇಕಾರರು ಬೀದಿಗಿಳಿದರು. ಸೈನಿಕರ ದಾಳಿಗೆ ಸಿಕ್ಕಿ ಹಲವರು ಸತ್ತರು. 1870ರ ದಶಕದಲ್ಲಿ ಯೂರೋಪಿನ ಹೆಂಗಸರ ಉಡುಪಿನ ರೀತಿ ಬದಲಾಯಿತು. ಶಾಲು ಯಾರಿಗೂ ಬೇಡವಾಯಿತು. ಪೇಸ್ಲಿಯ ಶಾಲಿನ ಮಗ್ಗಗಳೂ ಒಂದೊಂದಾಗಿ ನಿಂತವು.

ಬುಟ್ಟಾ ಮಾತ್ರ ನಿಲ್ಲಲಿಲ್ಲ. ಟೈ, ಕರವಸ್ತ್ರ, ಪರದೆ ಎಂದು ಲೋಕವೆಲ್ಲ ಹಬ್ಬಿತು. ಚಿತ್ತಾರಕ್ಕೆ ಗಡಿಯಿಲ್ಲ ಎಂದು ನಾವು ಹೆಮ್ಮೆಯಿಂದ ಹೇಳುತ್ತೇವೆ. ನಿಜವೇ. ಆದರೆ ಅದನ್ನು ನೇಯ್ದವರಿಗೆ ಹಸಿವಿತ್ತು, ತೆರಿಗೆಯಿತ್ತು, ಮಗ್ಗದ ಮುಂದೆ ಬಾಗಿ ನೊಂದ ಬೆನ್ನಿತ್ತು. ನಕಲು ಮಾಡಿದ ಊರಿನ ಹೆಸರು ಬುಟ್ಟಾಕ್ಕೆ ಅಂಟಿಕೊಂಡಿತು. ವರ್ಷಗಟ್ಟಲೆ ಕೂತು ನೇಯ್ದ ಕಾಶ್ಮೀರ ಕಣಿವೆಯ ಹೆಸರು ಅಂಟಲಿಲ್ಲ.

ಮುಂದಿನ ಸಲ ಅಂಗಡಿಯವರು ಸೀರೆ ಬಿಡಿಸಿ ಹಾಸಿದಾಗ, ಬೆಲೆ ಎಷ್ಟು ಎಂದು ಹೇಗೂ ಕೇಳುತ್ತೇವಲ್ಲ, ಇದನ್ನು ನೇಯ್ದದ್ದು ಎಲ್ಲಿ, ಯಾರು ಎಂದೂ ಒಂದು ಮಾತು ಕೇಳೋಣ.