ರೇಡಿಯೋ ಸ್ಪಷ್ಟವಾಗಿ ಕೇಳಲು ಒಂದೂವರೆ ಮೊಳ ತಂತಿ
(ಹೊಳಲ್ಕೆರೆ ತಾಲ್ಲೂಕಿನ ರೈತರಿಗಾಗಿ ನೀಡಿದ ಭಾಷಣ)



ಮೆಕ್ಕೆಜೋಳದ ಸುಳಿಯಲ್ಲಿ ಫಾಲ್ ಸೈನಿಕ ಹುಳು ಕಂಡಾಗ ಎಮಾಮೆಕ್ಟಿನ್ ಬೆಂಜೋಯೇಟ್ ಶೇ. 5 ಎಸ್.ಜಿ. ಔಷಧಿಯನ್ನು ಲೀಟರ್ ನೀರಿಗೆ 0.4 ಗ್ರಾಂನಂತೆ ಬೆರೆಸಿ, ಸುಳಿಗೆ ಬೀಳುವಂತೆ ಸಿಂಪಡಿಸಬೇಕೆಂಬುದು ಶಿಫಾರಸು. ರೇಡಿಯೋದಲ್ಲಿ ಇದನ್ನು ಹೇಳುವಾಗ ‘ಸೊನ್ನೆ ಪಾಯಿಂಟ್’ ಎಂಬ ಮಾತು ಗೊರಗೊರ ಸದ್ದಿನಲ್ಲಿ ಮುಚ್ಚಿಹೋದರೆ ಕಿವಿಗೆ ಬೀಳುವುದು ‘ನಾಲ್ಕು ಗ್ರಾಂ’ ಮಾತ್ರ. ಅಂದರೆ ಹತ್ತು ಪಟ್ಟು! ಹಣ ದಂಡ, ಸಿಂಪಡಿಸುವವನಿಗೆ ಅಪಾಯ, ದನಗಳ ಮೇವಿಗೂ ವಿಷ. ರೇಡಿಯೋ ಸ್ಪಷ್ಟವಾಗಿ ಕೇಳಿಸುವುದು ಬರೀ ಹಾಡಿನ ಸುಖಕ್ಕಲ್ಲ, ಬೇಸಾಯದ ಲೆಕ್ಕಕ್ಕೂ ಬೇಕು.

ಈ ಹುಳು ಭಾರತದಲ್ಲಿ ಮೊದಲು ಕಂಡದ್ದು 2018ರ ಮೇ ತಿಂಗಳಲ್ಲಿ, ಶಿವಮೊಗ್ಗ ಕೃಷಿ ಕಾಲೇಜಿನ ಮೆಕ್ಕೆಜೋಳದ ತಾಕಿನಲ್ಲಿ. ಇಂಥ ಹೊಸ ಪೀಡೆಯ ಸುದ್ದಿ ಊರೂರಿಗೆ ಬೇಗ ಮುಟ್ಟಬೇಕಾದರೆ ರೇಡಿಯೋ ಇಂದಿಗೂ ಅಗ್ಗದ ಸಾಧನ. ತಂಜಾವೂರಿನ ಕಡೆ ಎ.ಡಿ.ಟಿ. 27 ಎಂಬ ಭತ್ತದ ತಳಿಯನ್ನು ರೈತರು ‘ರೇಡಿಯೋ ಭತ್ತ’ ಎಂದೇ ಕರೆದರು. ಅದರ ವಿಷಯ ಅವರಿಗೆ ತಿಳಿದದ್ದು ಬಾನುಲಿಯಿಂದ.

ಹೊಳಲ್ಕೆರೆಗೆ ಹತ್ತಿರದ ನಿಲಯ ಆಕಾಶವಾಣಿ ಚಿತ್ರದುರ್ಗ, ಎಫ್.ಎಂ. 102.6 ಮೆಗಾಹರ್ಟ್ಸ್. ಎಫ್.ಎಂ. ಅಲೆ ಹೆಚ್ಚುಕಡಿಮೆ ದೃಷ್ಟಿಯಂತೆ ನೇರವಾಗಿ ಸಾಗುತ್ತದೆ. ನಡುವೆ ಗುಡ್ಡ ಬಂದರೆ ಅದರ ಮರೆಯ ಊರಿನಲ್ಲಿ ದನಿ ಸೊರಗುತ್ತದೆ. ತಗಡಿನ ಮಾಡು, ಕಬ್ಬಿಣ ಸೇರಿದ ಕಾಂಕ್ರೀಟು ತಾರಸಿ ಕೂಡ ಅಲೆಯನ್ನು ತಡೆಯುತ್ತವೆ. ಆದ್ದರಿಂದ ಮೊದಲು ಮಾಡಬೇಕಾದ ಕೆಲಸಕ್ಕೆ ಕಾಸಿನ ಖರ್ಚಿಲ್ಲ: ಸೆಟ್ಟನ್ನು ಒಳಕೋಣೆಯಿಂದ ತಂದು ಚಿತ್ರದುರ್ಗದ ದಿಕ್ಕಿನ, ಅಂದರೆ ಈಶಾನ್ಯದ ಕಿಟಕಿಯಲ್ಲೋ ಜಗಲಿಯಲ್ಲೋ ಎತ್ತರದಲ್ಲಿಡಿ. ನಾಲ್ಕು ಅಡಿ ಸರಿಸಿದರೂ ವ್ಯತ್ಯಾಸ ತಿಳಿಯುತ್ತದೆ.

ಎರಡನೆಯದು ಏರಿಯಲ್. 102.6ರ ಅಲೆಯ ಉದ್ದ ಸುಮಾರು 2.92 ಮೀಟರ್. ಅದರ ಕಾಲು ಭಾಗ 73 ಸೆಂಟಿಮೀಟರ್, ಹೆಚ್ಚುಕಡಿಮೆ ಒಂದೂವರೆ ಮೊಳ. ಸೆಟ್ಟಿನ ಏರಿಯಲ್ ಮುರಿದಿದ್ದರೆ ಅಥವಾ ಗಿಡ್ಡವಾಗಿದ್ದರೆ ಇಷ್ಟುದ್ದದ ತಾಮ್ರದ ತಂತಿಯ ತುದಿ ಸುಲಿದು ಏರಿಯಲ್ಲಿನ ಬುಡಕ್ಕೆ ಬಿಗಿಯಾಗಿ ಸುತ್ತಿ. ಇನ್ನೊಂದು ತುದಿಯನ್ನು ಮರದ ತೊಲೆಗೆ ದಾರದಿಂದ ಕಟ್ಟಿ. ನೆಟ್ಟಗೆ, ಓರೆಯಾಗಿ, ಅಡ್ಡವಾಗಿ ಹಿಡಿದು ನೋಡಿ, ಚೆನ್ನಾಗಿ ಕೇಳಿದ ಕಡೆ ನಿಲ್ಲಿಸಿ. ತಂತಿ ಉದ್ದವಾದಷ್ಟೂ ಒಳ್ಳೆಯದೆಂಬ ಭಾವನೆ ಎಫ್.ಎಂ.ಗೆ ಸರಿಯಲ್ಲ.

ಮೊಬೈಲಿನಲ್ಲಿ ಎಫ್.ಎಂ. ಕೇಳುವವರಿಗೆ ಇಯರ್‌ಫೋನಿನ ತಂತಿಯೇ ಏರಿಯಲ್. ಅದನ್ನು ಜೇಬಿನಲ್ಲಿ ಸುರುಳಿ ಸುತ್ತಿಟ್ಟರೆ ದನಿ ಕೆಡುತ್ತದೆ. ಬಿಚ್ಚಿ ನೇರವಾಗಿ ಇಳಿಬಿಡಬೇಕು. ತಂತಿಯಿಲ್ಲದ ಬ್ಲೂಟೂತ್ ಇಯರ್‌ಫೋನ್ ಈ ಕೆಲಸ ಮಾಡುವುದಿಲ್ಲ. ಮನೆಯವರೆಲ್ಲ ಕೇಳಬೇಕಾದರೆ ತಂತಿ ಸಿಕ್ಕಿಸಿಕೊಂಡೇ ‘ಸ್ಪೀಕರ್’ ಒತ್ತಬಹುದು. ಸ್ಟೀರಿಯೋ ಬದಲು ಮೋನೋ ಇಟ್ಟರೆ ಬಲಹೀನ ದನಿಯಲ್ಲಿನ ಸುಯ್ಯೆನ್ನುವ ಸದ್ದು ತಗ್ಗುತ್ತದೆ. ಎಫ್.ಎಂ. ಸೌಲಭ್ಯವಿಲ್ಲದ ಮೊಬೈಲೂ ಉಂಟು. ಕೊಳ್ಳುವಾಗ ಕೇಳಿ ತಿಳಿಯಿರಿ.

ಮಧ್ಯಮ ತರಂಗದ ಮಾತು ಬೇರೆ. ಭದ್ರಾವತಿ ನಿಲಯ 1965ರಲ್ಲಿ ಆರಂಭವಾದಂದಿನಿಂದ ಈ ಭಾಗದ ಹಿರಿಯರಿಗೆ ಪರಿಚಿತ. ಇತ್ತೀಚಿನ ವರ್ಷಗಳಲ್ಲಿ ದೇಶದ ಹಲವು ಮಧ್ಯಮ ತರಂಗ ಪ್ರಸಾರಕಗಳು ನಿಂತಿವೆ. ಆದರೂ ಆ ಬ್ಯಾಂಡಿನಲ್ಲಿ ಕೇಳುವವರು ಒಂದು ವಿಷಯ ನೆನಪಿಡಬೇಕು: ಅಲ್ಲಿ ಹೊರಗಿನ ಕೊಳವೆ ಏರಿಯಲ್ ಉಪಯೋಗಕ್ಕೆ ಬರುವುದಿಲ್ಲ. ಸೆಟ್ಟಿನೊಳಗೆ ಮಲಗಿರುವ ಫೆರೈಟ್ ಕಡ್ಡಿಯೇ ಏರಿಯಲ್. ಕಡ್ಡಿಯ ತುದಿ ನಿಲಯದ ಕಡೆ ತಿರುಗಿದರೆ ದನಿ ಕುಗ್ಗುತ್ತದೆ, ಪಕ್ಕ ತಿರುಗಿದರೆ ಹಿಗ್ಗುತ್ತದೆ. ಪಶ್ಚಿಮದ ನಿಲಯ ಕೇಳಲು ಕಡ್ಡಿ ಉತ್ತರ ದಕ್ಷಿಣವಾಗಿರಲಿ. ಎಲ್ಲಕ್ಕಿಂತ ಸುಲಭವೆಂದರೆ ಸೆಟ್ಟನ್ನೇ ನಿಧಾನವಾಗಿ ತಿರುಗಿಸಿ ನೋಡುವುದು.

ಗೊರಗೊರ ಸದ್ದಿನ ಮೂಲ ಎಷ್ಟೋ ಸಲ ಮನೆಯಲ್ಲೇ ಇರುತ್ತದೆ. ಅಗ್ಗದ ಎಲ್.ಇ.ಡಿ. ಬಲ್ಬು, ಮೊಬೈಲ್ ಚಾರ್ಜರು, ಇನ್ವರ್ಟರು, ಬೇಲಿಯ ಝಟಕಾ ಯಂತ್ರ ಇವುಗಳನ್ನು ಒಂದೊಂದಾಗಿ ಆರಿಸಿ ನೋಡಿದರೆ ಕಳ್ಳ ಸಿಕ್ಕಿಬೀಳುತ್ತಾನೆ. ಸೆಲ್ಲು ಸೊರಗಿದ್ದರೂ, ಸೆಲ್ಲಿನ ಮನೆಯಲ್ಲಿ ಹಸಿರು ಕಿಲುಬು ಹಿಡಿದಿದ್ದರೂ ದನಿ ಒಡೆಯುತ್ತದೆ. ಕಿಲುಬನ್ನು ಒಣಬಟ್ಟೆಯಿಂದ ಉಜ್ಜಿ ತೆಗೆಯಿರಿ.

ಎಚ್ಚರಿಕೆಯ ಮಾತುಗಳೂ ಇವೆ. ವಿದ್ಯುತ್ ತಂತಿಯ ಮೇಲಾಗಲಿ ಹತ್ತಿರವಾಗಲಿ ಏರಿಯಲ್ ತಂತಿ ಎಳೆಯಲೇಬಾರದು. ಗುಡುಗು ಮಿಂಚು ಕಾಣಿಸುವ ಮುನ್ನವೇ ಹೊರಗಿನ ತಂತಿ ಬಿಚ್ಚಿಡಬೇಕು. ಮಿಂಚುವಾಗ ಅದನ್ನು ಮುಟ್ಟಬಾರದು. ಟ್ರ್ಯಾಕ್ಟರ್ ಓಡಿಸುವಾಗ, ಒಕ್ಕಣೆ ಯಂತ್ರದ ಬಳಿ ಇರುವಾಗ ಕಿವಿಗೆ ಇಯರ್‌ಫೋನ್ ಬೇಡ.

ಕೊನೆಯದಾಗಿ, ರೇಡಿಯೋದ ಪಕ್ಕದಲ್ಲಿ ಒಂದು ಪುಸ್ತಕ, ಒಂದು ಪೆನ್ಸಿಲ್ ಇರಲಿ. ಔಷಧಿಯ ಹೆಸರು, ಪ್ರಮಾಣ, ಅದು ಲೀಟರಿಗೋ ಎಕರೆಗೋ ಎಂಬ ಮೂರನ್ನೂ ಆಗಲೇ ಬರೆದುಕೊಳ್ಳಿ. ಅಂಗಡಿಗೆ ಹೋಗುವ ಮುನ್ನ ರೈತ ಸಂಪರ್ಕ ಕೇಂದ್ರದಲ್ಲಾಗಲಿ, ಹಿರಿಯೂರಿನ ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರದಲ್ಲಾಗಲಿ ವಿಚಾರಿಸಿ, ಡಬ್ಬಿಯ ಚೀಟಿಯೊಡನೆ ತಾಳೆ ನೋಡಿ. ಅರ್ಧ ಕೇಳಿದ ಸಲಹೆಯಿಂದ ಔಷಧಿ ಹೊಡೆಯುವುದಕ್ಕಿಂತ ಒಂದು ದಿನ ತಡೆದು ಕೇಳಿ ತಿಳಿಯುವುದು ಲೇಸು.