ಕೋಟಿನ ಒಳಗೆ ಹೊಲಿದಿಟ್ಟ ಸಾಕ್ಷ್ಯ
(‘ನಾನ್‌ಕಿಂಗ್’ ಸಾಕ್ಷ್ಯಚಿತ್ರ ಪ್ರದರ್ಶನಕ್ಕೆ ಮುನ್ನ ನೀಡಿದ ಉಪನ್ಯಾಸದ ಪಾಠ)

ಈಗ ನೋಡಲಿರುವ ಚಿತ್ರವನ್ನು 2007ರಲ್ಲಿ ಅಮೆರಿಕದ ಬಿಲ್ ಗುಟೆಂಟಾಗ್ ಮತ್ತು ಡ್ಯಾನ್ ಸ್ಟರ್ಮನ್ ನಿರ್ದೇಶಿಸಿದರು. ಬದುಕುಳಿದವರು ಇದರಲ್ಲಿ ಮಾತನಾಡುತ್ತಾರೆ. ಅಂದಿನ ಪತ್ರ, ದಿನಚರಿಗಳನ್ನು ನಟರು ಓದುತ್ತಾರೆ. ನಡುನಡುವೆ ಬರುವ ಹಳೆಯ ಆಸ್ಪತ್ರೆಯ ದೃಶ್ಯಗಳನ್ನು ಮಾತ್ರ ಸ್ವಲ್ಪ ನಿಧಾನವಾಗಿ ನೋಡಬೇಕು.

1937ರ ಡಿಸೆಂಬರ್ 13ರಂದು ಚೀನದ ಅಂದಿನ ರಾಜಧಾನಿ ನಾನ್‌ಕಿಂಗ್ ಜಪಾನಿ ಸೇನೆಯ ವಶವಾಯಿತು. ಮುಂದಿನ ವಾರಗಳಲ್ಲಿ ನಡೆದ ಕೊಲೆಗಳಿಗೆ ಬಲಿಯಾದವರು ಎರಡು ಲಕ್ಷಕ್ಕೂ ಹೆಚ್ಚು ಎಂದು ಟೋಕಿಯೊ ನ್ಯಾಯಮಂಡಳಿ ಹೇಳಿತು. ಚೀನದ ಲೆಕ್ಕ ಮೂರು ಲಕ್ಷ. ಅಲ್ಲೇ ಉಳಿದ ಬೆರಳೆಣಿಕೆಯ ವಿದೇಶೀಯರು ನಗರದ ಒಂದು ಭಾಗವನ್ನು ‘ಸುರಕ್ಷಿತ ವಲಯ’ವೆಂದು ಸಾರಿದರು. ಅದರ ಅಧ್ಯಕ್ಷರು ಸೀಮೆನ್ಸ್ ಕಂಪನಿಯ ಜಾನ್ ರಾಬೆ. ವಿಚಿತ್ರವೆಂದರೆ ಅವರು ನಾಜಿ ಪಕ್ಷದ ಸದಸ್ಯರು! ಅವರ ಮನೆಯ ಅಂಗಳದಲ್ಲೇ ಆರುನೂರಕ್ಕೂ ಹೆಚ್ಚು ಜನ ತಂಗಿದ್ದರು. ಇಡೀ ವಲಯದಲ್ಲಿ ಸುಮಾರು ಎರಡು ಲಕ್ಷ.

ಆಶ್ರಯವೆಂದರೆ ಅಭಯವಲ್ಲ. ಆಯುಧ ಕೆಳಗಿಟ್ಟು ವಲಯದೊಳಗೆ ಬಂದ ಚೀನಿ ಸೈನಿಕರನ್ನು ಜಪಾನೀಯರು ಎಳೆದೊಯ್ದು ಕೊಂದರು. ಜಿನ್ಲಿಂಗ್ ಮಹಿಳಾ ಕಾಲೇಜಿನ ಮಿನ್ನಿ ವೋಟ್ರಿನ್ ಸಾವಿರಾರು ಹೆಂಗಸರು, ಮಕ್ಕಳಿಗೆ ಬಾಗಿಲು ತೆರೆದಿದ್ದರು. ಡಿಸೆಂಬರ್ 24ರಂದು ಅಲ್ಲಿಗೆ ಬಂದ ಅಧಿಕಾರಿಗಳು, ವೇಶ್ಯೆಯರನ್ನು ಆರಿಸಿಕೊಡಿ, ಉಳಿದ ಹೆಂಗಸರಿಗೆ ತೊಂದರೆ ತಪ್ಪುತ್ತದೆ ಎಂದರು. ಅವರು ಕೇಳಿದ್ದು ನೂರು ಮಂದಿಯನ್ನು. ಅಂದು 21 ಮಂದಿ ಹೋದರು. ವೋಟ್ರಿನ್ ಇದನ್ನು ಮುಚ್ಚಿಡದೆ ದಿನಚರಿಯಲ್ಲಿ ಬರೆದಿಟ್ಟರು. ಮಾನಸಿಕವಾಗಿ ಕುಸಿದು 1940ರಲ್ಲಿ ಅಮೆರಿಕಕ್ಕೆ ಮರಳಿದ ಅವರು ಮರುವರ್ಷ ಆತ್ಮಹತ್ಯೆ ಮಾಡಿಕೊಂಡರು. ಅವರನ್ನು ದೇವತೆಯೆಂದು ಹೊಗಳಿ ಸುಮ್ಮನಾಗುವುದು ಸುಲಭ. ಆ ದಿನಚರಿ ಅದಕ್ಕೆ ಬಿಡುವುದಿಲ್ಲ.

ಇನ್ನು ಆ ದೃಶ್ಯಗಳು. ಪಾದ್ರಿ ಜಾನ್ ಮ್ಯಾಗಿ 16 ಎಂ.ಎಂ. ಕ್ಯಾಮೆರಾ ಹಿಡಿದು ಆಸ್ಪತ್ರೆಯಲ್ಲಿದ್ದ ಗಾಯಾಳುಗಳನ್ನು ಚಿತ್ರೀಕರಿಸಿದರು. ಬೀದಿಯಲ್ಲಿ ಬಹಿರಂಗವಾಗಿ ಚಿತ್ರ ತೆಗೆಯುವುದು ಪ್ರಾಣಕ್ಕೇ ಅಪಾಯ. 1938ರ ಜನವರಿಯಲ್ಲಿ ಜಾರ್ಜ್ ಫಿಚ್ ಆ ರೀಲುಗಳನ್ನು ಕೋಟಿನ ಒಳಪದರದಲ್ಲಿ ಹೊಲಿದುಕೊಂಡು, ಜಪಾನಿ ಸೈನಿಕರೇ ತುಂಬಿದ್ದ ರೈಲಿನಲ್ಲಿ ಶಾಂಘೈಗೆ ಸಾಗಿಸಿದರು.

1946ರಲ್ಲಿ ಮ್ಯಾಗಿ ಟೋಕಿಯೊದಲ್ಲಿ ಸಾಕ್ಷಿ ಹೇಳಿದರು. ಪಾಟೀಸವಾಲಿನಲ್ಲಿ, ಕಣ್ಣಾರೆ ಕಂಡ ಕೊಲೆಗಳೆಷ್ಟು ಎಂಬ ಪ್ರಶ್ನೆ ಬಂತು. ಒಂದೇ ಎಂದರು. ಹತ್ಯಾಕಾಂಡವನ್ನೇ ಅಲ್ಲಗಳೆಯುವವರು ಈ ಉತ್ತರವನ್ನು ಇಂದಿಗೂ ಎತ್ತಿ ಆಡುತ್ತಾರೆ. ಆದರೆ ಮ್ಯಾಗಿಯವರ ಕ್ಯಾಮೆರಾ ಇದ್ದದ್ದು ಆಸ್ಪತ್ರೆಯಲ್ಲಿ. ಅಲ್ಲಿಗೆ ಬಂದವರು ಜೀವ ಉಳಿಸಿಕೊಂಡವರು. ನದೀತೀರಕ್ಕೆ ಒಯ್ದವರಲ್ಲಿ ಹೆಚ್ಚಿನವರು ಆಸ್ಪತ್ರೆಯನ್ನು ತಲುಪಲೇ ಇಲ್ಲ.