ಮತಪೆಟ್ಟಿಗೆಯೂ ರಾಯಭಾರವೂ



ಪರರಾಷ್ಟ್ರಗಳೊಡನೆ ರಾಜನು ನಡೆಸತಕ್ಕ ವ್ಯವಹಾರವನ್ನು ಕೌಟಿಲ್ಯನು ಸಂಧಿ, ವಿಗ್ರಹ ಮೊದಲಾದ ಆರು ಗುಣಗಳಾಗಿ ವಿಂಗಡಿಸಿದ್ದಾನೆ. ಅವನ ಎಣಿಕೆಗೆ ಬಾರದಿದ್ದ ವಸ್ತು ಒಂದುಂಟು: ಮತಪೆಟ್ಟಿಗೆ. ಪ್ರತಿಸ್ಪರ್ಧಿಗಳಾದ ಎರಡು ಮಹಾರಾಷ್ಟ್ರಗಳ ನಡುವೆ ಅದು ಹೇಗೆ ಬಂದು ನಿಲ್ಲುವುದೆಂಬುದಕ್ಕೆ 1960ನೆಯ ಇಸವಿಯ ವೃತ್ತಾಂತವನ್ನು ನಾವು ನೋಡೋಣ.

ಆ ವರ್ಷದ ಮೇ 1ರಂದು ಸೋವಿಯತ್ ಸೈನ್ಯವು ತನ್ನ ನೆಲದ ಮೇಲೆ ಹಾರುತ್ತಿದ್ದ ಅಮೆರಿಕದ ಯು-2 ಎಂಬ ಗೂಢಚಾರ ವಿಮಾನವನ್ನು ಹೊಡೆದುರುಳಿಸಿತು. ಅದು ಹವಾಮಾನ ಪರೀಕ್ಷೆಗೆ ಹೊರಟದ್ದೆಂದು ಅಮೆರಿಕ ಸರ್ಕಾರವು ಸಾರಿತು. ಚಾಲಕ ಪವರ್ಸನು ಜೀವಂತ ಸೆರೆಸಿಕ್ಕಿರುವನೆಂದು ಕ್ರುಶ್ಚೇವರು ಪ್ರಕಟಿಸಲು ಆ ಮಾತು ನಿಲ್ಲಲಿಲ್ಲ. ಅದೇ ತಿಂಗಳು ಪ್ಯಾರಿಸ್ಸಿನಲ್ಲಿ ಕೂಡಿದ ನಾಲ್ಕು ರಾಷ್ಟ್ರಗಳ ಮುಖಂಡರ ಸಮ್ಮೇಳನವು ಮುರಿದುಬಿದ್ದಿತು. ಜುಲೈ 1ರಂದು ಬ್ಯಾರೆಂಟ್ಸ್ ಸಮುದ್ರದ ಮೇಲೆ ಅಮೆರಿಕದ ಮತ್ತೊಂದು ವಿಮಾನವು ಉರುಳಿ, ಬದುಕುಳಿದ ಇಬ್ಬರು ಅಧಿಕಾರಿಗಳು ಸೆರೆಯಾದರು.

ಅಮೆರಿಕದಲ್ಲಿ ಆಗ ಚುನಾವಣೆಯ ಕಾವು. ಉಪಾಧ್ಯಕ್ಷ ನಿಕ್ಸನ್ನರ ಎದುರಿಗೆ ನಿಂತಿದ್ದ ಕೆನೆಡಿಯವರು, ಕ್ಷಿಪಣಿಗಳಲ್ಲಿ ದೇಶವು ರಷ್ಯಕ್ಕಿಂತ ಹಿಂದೆ ಬಿದ್ದಿದೆಯೆಂದು ಎಚ್ಚರಿಸುತ್ತಿದ್ದರು. ಯು-2 ತಂದ ಚಿತ್ರಗಳನ್ನು ಕಂಡಿದ್ದ ಅಧ್ಯಕ್ಷ ಐಸೆನ್‌ಹೋವರರಿಗೆ ಇದರಲ್ಲಿ ನಂಬಿಕೆಯಿರಲಿಲ್ಲ. ಆದರೆ ಗುಟ್ಟು ಬಯಲಾದೀತೆಂದು ಆ ಚಿತ್ರಗಳನ್ನು ಜನರ ಮುಂದಿಡಲಾರದೆ ಹೋದರು. ಅತ್ತ ಕ್ರುಶ್ಚೇವರು, ಸೆರೆಯಾಳುಗಳನ್ನು ಮತದಾನಕ್ಕೆ ಮುಂಚೆ ಬಿಟ್ಟರೆ ಕೀರ್ತಿಯು ನಿಕ್ಸನ್ನರಿಗೆ ಸಲ್ಲುವುದೆಂದು ಬಗೆದು ತಡೆದರು. ಇದನ್ನು ಮುಂದೆ ತಮ್ಮ ಸ್ಮರಣೆಗಳಲ್ಲಿ ಅವರೇ ಹೇಳಿಕೊಂಡಿದ್ದಾರೆ. ನವೆಂಬರ್ 8ರಂದು ಸುಮಾರು 6 ಕೋಟಿ 88 ಲಕ್ಷ ಮತಗಳು ಬಿದ್ದುವು. ಕೆನೆಡಿಯವರಿಗೆ ದೊರೆತ ಹೆಚ್ಚಳವು ಲಕ್ಷದ ಮೇಲೆ ಕೆಲವು ಸಾವಿರ ಮಾತ್ರ. 1961ರ ಜನವರಿ 20ರಂದು ಅವರು ಅಧಿಕಾರ ವಹಿಸಿಕೊಂಡರು. ವಾರ ಕಳೆಯುವಷ್ಟರಲ್ಲಿ ಆ ಇಬ್ಬರಿಗೆ ಬಿಡುಗಡೆಯಾಯಿತು.

ಇದರಿಂದ ಮೈತ್ರಿ ಬೆಳೆಯಿತೆ? ಜೂನ್ ತಿಂಗಳಿನ ವಿಯೆನ್ನಾ ಭೇಟಿಯು ಬಿಗುವಿನಲ್ಲಿಯೇ ಮುಗಿಯಿತು. ಆಗಸ್ಟಿನಲ್ಲಿ ಬರ್ಲಿನ್ನಿನ ಗೋಡೆಯೆದ್ದಿತು. ಮರುವರ್ಷದ ಅಕ್ಟೋಬರಿನಲ್ಲಿ ಕ್ಯೂಬಾದ ಸಂಕಟ ಬಂದೊದಗಿತು. ಕ್ಷಿಪಣಿಗಳಲ್ಲಿ ಹಿಂದೆ ಬಿದ್ದಿದ್ದದ್ದು ರಷ್ಯವೇ ಎಂಬುದು 1961ರಲ್ಲಿಯೇ ಸ್ಪಷ್ಟವಾಯಿತು. ಆದರೂ ಅಮೆರಿಕದ ಅಸ್ತ್ರಸಂಗ್ರಹವು ಬೆಳೆಯುತ್ತಲೇ ಹೋಯಿತು. ಚುನಾವಣೆಯ ವೇದಿಕೆಯಲ್ಲಿ ಬಿತ್ತಿದ ಭಯವು ಎಣಿಕೆ ಮುಗಿದೊಡನೆ ಒಣಗುವುದಿಲ್ಲವಷ್ಟೆ.

ಎರಡು ಸಂಗತಿಗಳನ್ನು ಮತದಾರನು ಅರಿಯಬೇಕಾಗಿದ್ದಿತು. ಒಂದನ್ನು ಅವನ ಸರ್ಕಾರವೇ ಮುಚ್ಚಿಟ್ಟಿತು. ಇನ್ನೊಂದನ್ನು ಎದುರಾಳಿಯು ಬಚ್ಚಿಟ್ಟನು. ಯುದ್ಧಶಾಂತಿಗಳ ತೀರ್ಪನ್ನು ಪ್ರಜೆಯ ಕೈಗೆ ಒಪ್ಪಿಸಿದ ಮೇಲೆ, ತೀರ್ಪಿಗೆ ಬೇಕಾದ ಸಾಕ್ಷ್ಯವನ್ನು ಅವನಿಂದ ಮರೆಮಾಡುವುದು ನ್ಯಾಯವೆ? ಪ್ರಜಾಪ್ರಭುತ್ವವನ್ನು ನೆಚ್ಚಿಕೊಂಡ ನಾವೆಲ್ಲರೂ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು.